ಟಪಾಲು ಬಂತಾ ಸಾರ್?

ನಮ್ಮ ಶಾಲೆಗೆ ಟಪಾಲು ಬರುತ್ತಿದ್ದುದು ಹನ್ನೊಂದು ಗಂಟೆ ಸುಮಾರಿಗೆ. ಅಂಚೆಯಣ್ಣನ ಸೈಕಲ್ಲು ಹೊಂಗೆಮರಕ್ಕೆ ಒರಗುವುದಕ್ಕೂ ಎಂಟನೇ ತರಗತಿಯ ಕಿಟಕಿಯಲ್ಲಿ ಒಂದು ತಲೆ ಕಾಣಿಸುವುದಕ್ಕೂ ಸರಿಹೋಗುತ್ತಿತ್ತು. ಮುಂದೆ ಬೋಳಾಗುತ್ತಿದ್ದ ತಲೆ, ಬಡಗಿ ಪೆನ್ಸಿಲ್ಲು ಇಟ್ಟುಕೊಳ್ಳುವ ಹಾಗೆ ಕಿವಿಯ ಸಂದಿಯಲ್ಲಿ ಒಂದು ತುಂಡು ಸೀಮೆಸುಣ್ಣ. ಅಲ್ಲಿಂದಲೇ ಕೂಗು: "ಟಪಾಲು ಬಂತಾ ಸಾರ್?"

ಆ ದನಿ ಈಚೆಗೆ ಮಧುಗಿರಿಯಲ್ಲಿ ನಿಂತುಹೋಯಿತು. ಸುದ್ದಿ ಬಂದಾಗ ನಾನು ಮೇಜಿನ ಮುಂದೆ ಕೂತಿದ್ದೆ. ಅವರು ಹೇಳಿದ್ದ ಒಂದು ಕೆಲಸ ಅರ್ಧಕ್ಕೆ ನಿಂತು ಕಣ್ಣೆದುರಿಗೇ ಬಿದ್ದಿತ್ತು.

ಐ.ಡಿ.ಹಳ್ಳಿಯಿಂದ ಪಾವಗಡದ ದಿಕ್ಕಿಗಿದ್ದ ಆ ಪ್ರೌಢಶಾಲೆಯಲ್ಲಿ ಅವರು ಕನ್ನಡಕ್ಕೆ, ನಾನು ಸಮಾಜ ವಿಜ್ಞಾನಕ್ಕೆ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಬಿದ್ದಿತ್ತು. ಸೇವೆಯಲ್ಲಿ ಹಿರಿಯನೆಂದು ಪ್ರಭಾರ ನನ್ನ ತಲೆಗೆ ಬಂದಿತ್ತು. ವಯಸ್ಸಿನಲ್ಲಿ ಅವರೇ ದೊಡ್ಡವರು, ಆದರೂ ಬಾಯಿ ತೆರೆದರೆ ನನ್ನನ್ನು "ಸಾರ್" ಎನ್ನುತ್ತಿದ್ದರು. ಅವರಿಗೆ ಸುತ್ತಲ ಊರುಗಳಲ್ಲಿ ಟಾಸ್ಕ್ ಮೇಷ್ಟ್ರು ಎಂದೇ ಹೆಸರು. ಇಲ್ಲಿಯೂ ಅದೇ ಇರಲಿ.

ಆ ಹೆಸರು ಬಂದದ್ದು ಒಂದು ತರಬೇತಿಯಿಂದ. ನಾವೆಲ್ಲ ಹೋಗಿದ್ದೆವು. ಭಾಷೆಯನ್ನು ಪಾಠ ಮಾಡಿ ಕಲಿಸಬೇಡಿ, ಮಕ್ಕಳಿಗೆ ಒಂದು ಕೆಲಸ, ಅಂದರೆ ಟಾಸ್ಕು, ಕೊಡಿ, ಆ ಕೆಲಸ ಮುಗಿಯಬೇಕಾದರೆ ಅವರು ಮಾತಾಡಲೇಬೇಕು, ಬರೆಯಲೇಬೇಕು, ಹಾಗೆ ಮಾಡುತ್ತಾ ಭಾಷೆ ಬರುತ್ತದೆ ಎಂದು ಬಂದವರು ಹೇಳಿದರು. ನಾವು ಟೀ ಕುಡಿದು, ಕೊಟ್ಟ ಪುಸ್ತಕ ಬ್ಯಾಗಿಗೆ ಹಾಕಿಕೊಂಡು, ಹಾಜರಿಗೆ ಸಹಿ ಮಾಡಿ ಬಸ್ಸು ಹತ್ತಿದೆವು. ಮೇಷ್ಟ್ರು ದಾರಿಯುದ್ದಕ್ಕೂ ಆ ಪುಸ್ತಕ ಓದುತ್ತಿದ್ದವರು ಬಡವನಹಳ್ಳಿ ದಾಟಿದ ಮೇಲೆ ನನ್ನ ತೊಡೆ ತಟ್ಟಿ, "ಸಾರ್, ಇಪ್ಪತ್ತು ವರ್ಸದಿಂದ ನಾವು ಮಾಡ್ತಿರಾದು ಏನು ಮತ್ತೆ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮಾರನೆಯ ದಿನವೇ ಶುರು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗು. ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದವು, ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರು ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು. ಒಬ್ಬನ ಕೈಯಲ್ಲಿ ಮಧುಗಿರಿ ಬಸ್ ಸ್ಟ್ಯಾಂಡಿನ ನಕ್ಷೆ, ಇನ್ನೊಬ್ಬನ ಕೈಯಲ್ಲಿ ಬರೀ ಹಾಳೆ. ನಕ್ಷೆ ಇದ್ದವನು ದಾರಿ ಹೇಳಬೇಕು, ಹಾಳೆ ಇದ್ದವನು ಗೆರೆ ಎಳೆದುಕೊಂಡು ಸಿರಾ ಬಸ್ಸು ನಿಲ್ಲುವ ಜಾಗ ಮುಟ್ಟಬೇಕು.

"ಲೇ, ಒಳಿಕ್ ಬಂದೆ. ಈಗ ಎತ್ಲಾಗೆ?"

"ಕುಡಿ ಪಕ್ಕ ಹೋಗು."

"ಏನ್ ಕುಡಿಯಾದ್ಲಾ? ನಂಗೆ ಸಿರಾ ಬಸ್ಸು ಬೇಕು."

"ಥೂ, ಅನ್ನ ಉಣ್ಣೋ ಕೈ ಕಡಿಕೆ ಕಣ್ಲಾ!"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ಬಾಯಿಯ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದರು. ಅದು ಅವರ ಅಭ್ಯಾಸ. ಮಗು ಮಾತಾಡುವಾಗ ನಡುವೆ ತಿದ್ದಬಾರದು ಎಂದು ತಮಗೆ ತಾವೇ ಹಾಕಿಕೊಂಡ ಬೀಗ ಅದು. ಸಿರಾ ಬಸ್ಸು ಸಿಕ್ಕಿದ ಮೇಲೆಯೇ ಕೈ ತೆಗೆದು, ಕಿವಿಯಿಂದ ಸೀಮೆಸುಣ್ಣ ಎಳೆದು, ಬೋರ್ಡಿನ ಮೇಲೆ ಬಲಕ್ಕೆ, ಎಡಕ್ಕೆ, ನೇರವಾಗಿ, ಪಕ್ಕದಲ್ಲಿ ಎಂದು ಬರೆದರು. "ಕೆಲಸ ಮೊದ್ಲು ಆಗ್ಲಿ ಸಾರ್, ಯಾವ ಭಾಷೇಲಾದ್ರೂ ಆಗ್ಲಿ. ಕಡಮೆ ಬಿದ್ದ ಮಾತು ಆಮೇಲೆ ಕೊಟ್ರೆ ಎತ್ಕಂತಾರೆ. ಬೇಕಾಗಿರ್ತದಲ್ಲ."

ನನಗೆ ನಮ್ಮಜ್ಜಿ ನೆನಪಾದಳು. ಅಕ್ಷರ ಬಾರದ ಹೆಂಗಸು. ನನ್ನ ಕೈಗೆ ಬಟ್ಟಲು ಕೊಟ್ಟು, "ಹೋಗ್ಲಾ, ಮೇಲ್ಮನೆ ದೊಡ್ಡಮ್ಮನ ಕೇಳಿ ಹೆಪ್ಪಿಗೆ ವಸಿ ಮೊಸರು ಈಸ್ಕಂಬಾ" ಎನ್ನುವಳು. ಬರಿಗೈಲಿ ಬಂದರೆ ಬೈಯುತ್ತಿರಲಿಲ್ಲ. "ಹೆಂಗೆ ಕೇಳ್ದೆ, ಹೇಳು" ಎನ್ನುವಳು. ನಾನು ಕೇಳಿದ ಹಾಗೆಯೇ ಹೇಳಿದರೆ, "ಅಂಗಾ ಕೇಳಾದು? ದೊಡ್ಡಮ್ಮ, ನಮ್ಮಜ್ಜಿ ಕಳುಸ್ತು, ಅನ್ನು" ಎಂದು ತಿದ್ದಿ ಮತ್ತೆ ಓಡಿಸುವಳು. ಇದನ್ನು ಹೇಳಿದಾಗ ಮೇಷ್ಟ್ರು ನನ್ನ ಕೈ ಹಿಡಿದುಕೊಂಡುಬಿಟ್ಟರು. "ನಿಮ್ಮಜ್ಜಿ ಬಿ.ಎಡ್. ಮಾಡಿರ್ಲಿಲ್ಲ ನೋಡಿ, ಅದ್ಕೇ ಗೊತ್ತಿತ್ತು." ಅಂದಿನಿಂದ ಅವರು ಪಾಠಕ್ಕೆ ಹೋಗುವಾಗ ನಾನು, "ಇವತ್ತಿನ ಹೆಪ್ಪು ಏನು ಮೇಷ್ಟ್ರೇ?" ಎಂದು ಕೇಳುವುದು ರೂಢಿಯಾಯಿತು.

ಒಂದು ದಿನ ಮಕ್ಕಳು ಜೋಡಿ ಜೋಡಿಯಾಗಿ ಸ್ಟಾಫ್ ರೂಮಿಗೆ ನುಗ್ಗಿ, ನಿಮ್ಮ ಮದುವೆಯಲ್ಲಿ ಏನು ಊಟ ಹಾಕಿಸಿದ್ದಿರಿ ಎಂದು ವಿಚಾರಿಸಿ ಬರೆದುಕೊಂಡು ಹೋದವು. ಗಣಿತದವರು ರೇಗಿದರು. ದೈಹಿಕ ಶಿಕ್ಷಕರು ಕಾಯಿಹೋಳಿಗೆ ವರ್ಣಿಸುತ್ತಾ ಒಂದು ಪಿರಿಯಡ್ಡು ಕಳೆದರು. ನಲ್ಲಿಯ ಹತ್ತಿರ, "ಇದು ಸೋರುತ್ತೆ. ಬಿಗಿಯಾಗಿ ತಿರುಗಿಸಿದರೆ ನಿಲ್ಲುತ್ತೆ" ಎಂದು ಎಂಟನೆಯವರು ಬರೆದು ಕಟ್ಟಿದ್ದ ರಟ್ಟನ್ನು ನೀರಿಗೆ ಬರುವ ಊರಿನವರೂ ಓದಿ ಪಾಲಿಸುತ್ತಿದ್ದರು. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. "ಓದ್ದೋರು ಮಾಡಿದ್ರು ಸಾರ್. ಬರೆಯಾದು ಇದಕ್ಕೇ ತಾನೆ?"

ಆಮೇಲೆ ತಪಾಸಣೆ ಬಂತು. ಬಂದ ಅಧಿಕಾರಿಗಳು ಎಂಟನೆಯ ತರಗತಿಯ ಕನ್ನಡ ನೋಟ್‌ಬುಕ್ಕುಗಳನ್ನು ತರಿಸಿದರು. ಪ್ರಶ್ನೆ ಇಲ್ಲ, ಉತ್ತರ ಇಲ್ಲ, ಕೆಂಪು ಶಾಯಿ ಇಲ್ಲ. ಒಂದು ಪುಟದಲ್ಲಿ ಯಾರ ಮದುವೆಗೆ ಎಷ್ಟು ಸೇರು ಅಕ್ಕಿ, ಇನ್ನೊಂದರಲ್ಲಿ ಸಿರಾ ಬಸ್ಸಿನ ದಾರಿ.

"ನೋಟ್ಸ್ ಎಲ್ರೀ?"

"ಹೊರಗೈತೆ ಸಾರ್, ನಲ್ಲಿ ತಾವ" ಎಂದರು ಮೇಷ್ಟ್ರು. ಅದರಲ್ಲಿ ಉದ್ಧಟತನ ಒಂದು ಚೂರೂ ಇರಲಿಲ್ಲ. ಕರೆದುಕೊಂಡು ಹೋಗಿ ತೋರಿಸಲು ಬಾಗಿಲವರೆಗೆ ನಡೆದೂಬಿಟ್ಟಿದ್ದರು.

ವಿವರಣೆ ಕೇಳಿ ನೋಟಿಸು ಬಂದದ್ದು ಅವರಿಗಲ್ಲ, ಪ್ರಭಾರಿಯಾದ ನನಗೆ. ಕಚೇರಿಗೆ ಹೋದಾಗ ಅಧಿಕಾರಿಗಳು ಬಾಯಿಮಾತಿನಲ್ಲೂ ಹೇಳಿದರು: ಇನ್ನು ಆ ಶಾಲೆಯಿಂದ ಇಂಥದ್ದೇನಾದರೂ ಹೊರಗೆ ಬಂದರೆ ನಿಮ್ಮ ತಲೆಗೇ ಬರುತ್ತದೆ. ನನಗೆ ಆಗ ವರ್ಗಾವಣೆ ಆಗಬೇಕಿತ್ತು. ಹೆದರಿಕೆ ಹತ್ತಿತು.

ಅಲಿವೇಲು ಎಂಬ ಹುಡುಗಿಯ ಸಂಗತಿ ಬಂದದ್ದು ಇದರ ಬೆನ್ನಿಗೇ. ಶಾಲೆಯಿಂದ ಹರದಾರಿಗೂ ಮೀರಿದ ಒಂದು ಹಟ್ಟಿಯಿಂದ ನಾಲ್ಕು ಹೆಣ್ಣುಮಕ್ಕಳ ಜೊತೆ ನಡೆದು ಬರುತ್ತಿದ್ದಳು. ಪಾವಗಡದಿಂದ ಬರುವ ಬೆಳಗಿನ ಬಸ್ಸು ಆ ಹಟ್ಟಿಯ ಕ್ರಾಸಿನ ಮೇಲೆಯೇ ಹಾದು ಬಂದು ನಮ್ಮ ಶಾಲೆಯ ಮುಂದೆ ನಿಲ್ಲುತ್ತಿತ್ತು. ಕ್ರಾಸಿನಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಅವಳ ತಾಯಿ ಒಂದು ದಿನ ಶಾಲೆಗೆ ಬಂದು ಮೇಷ್ಟ್ರ ಮುಂದೆ ನಿಂತಳು.

"ಈ ವರ್ಸ ಮುಗಿದ್ರೆ ಸಾಕು ಸಾರ್. ಮಿಕ್ಕಿದ ಹುಡುಗೀರು ಬಿಡ್ತಾವ್ರೆ. ಒಬ್ಬಳ್ನೇ ಆ ರೋಡಲ್ಲಿ ಹೆಂಗ್ ಕಳಿಸ್ಲಿ? ಬಸ್ಸು ನಿಲ್ಲದು ಕದಾ."

"ನಿಂತ್ರೆ?"

"ನಿಂತ್ರೆ ಹತ್ತನೇ ಕ್ಲಾಸೂ ಓದ್ಲಿ. ನಾನೇನ್ ಬ್ಯಾಡ ಅಂತೀನಾ?"

ಮೇಷ್ಟ್ರ ಮುಖ ಅರಳಿದ್ದನ್ನು ನಾನು ನೋಡಿದೆ. ಅಂಥ ಟಾಸ್ಕು ಅವರಿಗೆ ಎಂದೂ ಸಿಕ್ಕಿರಲಿಲ್ಲ. ಇದರಲ್ಲಿ ಆಟವಿಲ್ಲ. ಎಂಟನೆಯ ತರಗತಿ ಡಿಪೋ ಮ್ಯಾನೇಜರಿಗೆ ಅರ್ಜಿ ಬರೆಯಬೇಕು, ಬಸ್ಸು ನಿಲ್ಲಬೇಕು. ಮೂರು ವಾರ ನಡೆಯಿತು. ಕೆಲವರು ಕಂಡಕ್ಟರನ್ನು ಮಾತಾಡಿಸಿ ಬಂದರು. ಕೆಲವರು ಹಟ್ಟಿಯಿಂದ ಶಾಲೆಗೆ ನಡೆದು ಎಷ್ಟು ಹೊತ್ತಾಗುತ್ತದೆಂದು ನೋಡಿ ಬಂದರು. ಅಪರಿಚಿತ ದೊಡ್ಡ ಮನುಷ್ಯನಿಗೆ ಹೇಗೆ ಕೇಳಬೇಕು ಎಂಬುದರ ಮೇಲೆ ಜಗಳವೇ ಆಯಿತು. "ಕಾಲಿಗೆ ಬೀಳ್ತೀವಿ ಅಂತ ಬರೀರಿ" ಎಂದ ಒಬ್ಬ. "ಯಾಕ್ ಬೀಳಾದು, ಕಾಸು ಕೊಟ್ಟು ಟಿಕೀಟು ಈಸ್ಕಳ್ಳಲ್ವಾ?" ಎಂದವಳು ಅಲಿವೇಲು. ಮೇಷ್ಟ್ರು ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಮೂಲೆಯಲ್ಲಿ ನಕ್ಕರು. ಕೊನೆಗೆ ಅಂದವಾಗಿ ಬರೆಯುವ ಕೆಲಸ ಅವಳಿಗೇ ಬಿತ್ತು. ಒಂದೇ ಪುಟ. ಕಾಲಿಗೆ ಬೀಳುವ ಮಾತಿಲ್ಲ. ಕಡೆಯ ಸಾಲು, "ಆಗುತ್ತದೆಯೋ ಇಲ್ಲವೋ, ದಯವಿಟ್ಟು ಉತ್ತರ ಬರೆಯಿರಿ. ನಾವು ಕಾಯುತ್ತೇವೆ."

ಮೇಷ್ಟ್ರು ಅದನ್ನು ಒಂದು ಅಂಚೆಚೀಟಿ ಅಂಟಿಸಿ ತಾವೇ ಡಬ್ಬಿಗೆ ಹಾಕಿಬಿಡಬಹುದಿತ್ತು. ಆದರೆ ಅವರು ಸರ್ಕಾರಿ ನೌಕರ, ನನ್ನ ಹಾಗೆಯೇ. ಶಾಲೆಯ ಮೊಹರು ಇದ್ದರೆ ತೂಕ ಎಂದು ನಂಬಿದವರು. ಮಕ್ಕಳನ್ನೆಲ್ಲ ಕಟ್ಟಿಕೊಂಡು ನನ್ನ ಕೊಠಡಿಗೆ ಬಂದು, "ಸಾರ್, ಒಂದು ಕವರಿಂಗ್ ಲೆಟರ್ ಹಾಕಿ ಕಳ್ಸಿ" ಎಂದು ಕೊಟ್ಟರು. ಮಕ್ಕಳ ಎದುರಿಗೇ ರವಾನೆ ವಹಿಯಲ್ಲಿ ನಂಬರು ಹಾಕಿದೆ. ಅಲಿವೇಲು ಬಗ್ಗಿ ಆ ನಂಬರನ್ನು ತನ್ನ ಅಂಗೈ ಮೇಲೆ ಬರೆದುಕೊಂಡಳು.

ಅವರು ಹೋದ ಮೇಲೆ ಲಕೋಟೆಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ. ಬೇರೆ ಇಲಾಖೆಗೆ ಮಕ್ಕಳ ಸಹಿ ಹಾಕಿಸಿ ಪತ್ರ ಕಳಿಸಿದ್ದು ಮೇಲಿನವರಿಗೆ ಗೊತ್ತಾದರೆ ಏನು ಗತಿ? ತಪಾಸಣೆಯ ವಿಷಯ ಸ್ವಲ್ಪ ತಣ್ಣಗಾಗಲಿ, ಆಮೇಲೆ ಕಳಿಸೋಣ ಎಂದುಕೊಂಡೆ. ಅದು ತಣ್ಣಗಾಯಿತು. ನಾನು ಕಳಿಸಲಿಲ್ಲ.

ಮರುದಿನದಿಂದಲೇ ಕಿಟಕಿಯಲ್ಲಿ ಆ ತಲೆ. "ಟಪಾಲು ಬಂತಾ ಸಾರ್?"

"ಬಂದಿಲ್ಲ ಮೇಷ್ಟ್ರೇ."

ಅವರು ಒಳಗೆ ತಿರುಗಿ ಮಕ್ಕಳಿಗೆ, "ಸರ್ಕಾರಿ ಕೆಲಸ ಕಣ್ರಲಾ, ವಸಿ ತಡ ಆಯ್ತದೆ" ಎನ್ನುವುದು ನನಗೆ ಕೇಳಿಸುತ್ತಿತ್ತು. ಎರಡು ತಿಂಗಳಾಯಿತು. ಮೇಷ್ಟ್ರು ಎದೆಗುಂದಲಿಲ್ಲ, ಇದನ್ನೂ ಒಂದು ಟಾಸ್ಕು ಮಾಡಿದರು. ನೆನಪೋಲೆ. ಮಕ್ಕಳು ಅಂಗೈಯಿಂದ ಪುಸ್ತಕಕ್ಕೆ ಇಳಿಸಿಕೊಂಡಿದ್ದ ನಂಬರನ್ನು ಉಲ್ಲೇಖವೆಂದು ಹಾಕಿ, "ನಮ್ಮ ಮೊದಲ ಪತ್ರ ತಮಗೆ ತಲುಪಿದೆ ಎಂದು ನಂಬಿದ್ದೇವೆ" ಎಂದು ಬರೆದು ತಂದರು. ಅದಕ್ಕೂ ನಂಬರು ಹಾಕಿದೆ. ಅದೂ ಅದೇ ಡ್ರಾಯರಿಗೆ ಹೋಯಿತು. ಒಂದರ ಮೇಲೊಂದು.

ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆರೆದಾಗ ಅಲಿವೇಲು ಬರಲಿಲ್ಲ. ಮೇಷ್ಟ್ರು ಹಟ್ಟಿಗೆ ನಡೆದುಕೊಂಡೇ ಹೋದರು. ನನ್ನನ್ನೂ ಕರೆದರು, ತಲೆನೋವೆಂದೆ. ಸಂಜೆ ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತರು. ಕಿವಿಯಲ್ಲಿ ಸೀಮೆಸುಣ್ಣ ಇರಲಿಲ್ಲ.

"ಏನಂದ್ಲು ಮೇಷ್ಟ್ರೇ?"

"ತಾಯಿ ಏನೂ ಅನ್ಲಿಲ್ಲ. ಮಜ್ಜಿಗೆ ಕೊಟ್ಲು. ಹುಡುಗಿ ಕೇಳಿದ್ಲು, ನಾವು ಬರ್ದಿದ್ರಲ್ಲಿ ಎಲ್ಲಿ ತಪ್ಪಾಯ್ತು ಸಾರ್ ಅಂತ." ಕಿಟಕಿಯ ಕಡೆ ತಿರುಗಿದರು. "ನಾನೇನ್ ಹೇಳ್ಲಿ? ಒಂದು ತಪ್ಪೂ ಇರ್ಲಿಲ್ಲ."

ಆ ಹೊತ್ತಿನಲ್ಲೂ ನನ್ನ ಮೊಣಕಾಲಿಗೆ ಡ್ರಾಯರಿನ ಹಿಡಿ ತಾಗುತ್ತಿತ್ತು.

ಮುಂದಿನ ವಾರ ಎಂಟನೆಯ ತರಗತಿಯ ಪಕ್ಕದಲ್ಲಿ ಹಾಯುವಾಗ ಒಂದು ಹೊಸ ದನಿ ಕೇಳಿಸಿತು. ಏರಿಳಿತವಿಲ್ಲದ ದನಿ. "ಬರ್ಕಳಿ. ಪ್ರಶ್ನೆ ಒಂದು. ಬರ್ಕಳಿ. ಉತ್ತರ." ಕಿಟಕಿಯಲ್ಲಿ ಇಣುಕಿದೆ. ಮೇಷ್ಟ್ರು ಗೈಡು ಹಿಡಿದು ಓದುತ್ತಿದ್ದರು. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದವು. ಬಾಯಿಯ ಮೇಲೆ ಕೈ ಇಡುವ ಅಗತ್ಯವೇ ಇರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ನಲ್ಲಿಯ ರಟ್ಟು ಮಳೆಗೆ ನೆಂದು ಬಿತ್ತು. ಇನ್ನೊಂದು ಕಟ್ಟಲಿಲ್ಲ. ಮುಂದಿನ ತಪಾಸಣೆಯಲ್ಲಿ ಅಧಿಕಾರಿಗಳು ಕೆಂಪು ಶಾಯಿಯ ಪುಟಗಳನ್ನು ತಿರುವಿ, "ಈಗ ನೋಡಿ, ಶಾಲೆ ಅಂದ್ರೆ ಶಾಲೆ" ಎಂದರು. ಮೇಷ್ಟ್ರು ಕೈ ಮುಗಿದರು. ಫಲಿತಾಂಶವೂ ಚೆನ್ನಾಗಿ ಬರತೊಡಗಿತು. ಆದರೂ ಊರವರು ಕಡೆಯವರೆಗೂ ಅವರನ್ನು ಟಾಸ್ಕ್ ಮೇಷ್ಟ್ರು ಎಂದೇ ಕರೆದರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವರು ಬೇರೆ ಯಾರನ್ನೋ ಕೂಗಿದರು ಎಂಬಂತೆ ಒಂದು ಗಳಿಗೆ ತಡೆದು ತಿರುಗುತ್ತಿದ್ದರು.

ನನಗೆ ಕೊರಟಗೆರೆಗೆ ವರ್ಗವಾಯಿತು. ಆ ಎರಡು ಲಕೋಟೆಗಳನ್ನು ಹೊಸಬರ ಕೈಗೆ ಬಿಟ್ಟು ಹೋಗುವ ಹಾಗಿರಲಿಲ್ಲ, ಜೊತೆಯಲ್ಲೇ ಒಯ್ದೆ. ಹರಿದು ಹಾಕಬಹುದಿತ್ತು. ಅದಕ್ಕೂ ಕೈ ಬರಲಿಲ್ಲ. ಮೇಷ್ಟ್ರು ಅಲ್ಲೇ ಒಟ್ಟು ಒಂಬತ್ತು ವರ್ಷ ಬರ್ಕಳಿ, ಬರ್ಕಳಿ ಎಂದು ನಿವೃತ್ತರಾಗಿ ಮಧುಗಿರಿ ಸೇರಿದರು. ನಾನೂ ನಿವೃತ್ತನಾಗಿ ಅದೇ ಊರಿಗೆ ಬಂದು ನೆಲೆಸಿದೆ. ಕಾಗದಪತ್ರ ಜೋಡಿಸುವಾಗ ಲಕೋಟೆಗಳು ಮತ್ತೆ ಕೈಗೆ ಬಂದವು. ಈ ಸಲ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ನಡೆದೆ.

ಬೆಟ್ಟ ಕಾಣುವ ಜಗಲಿಯಲ್ಲಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಮನೆಯವರು ಕಾಫಿ ತಂದಿಟ್ಟು ಒಳಗೆ ಹೋದ ಮೇಲೆ ಎಲ್ಲ ಹೇಳಿದೆ. ತೊದಲಿ ತೊದಲಿ, ಹಿಂದುಮುಂದಾಗಿ. ಮೊದಲ ಮಾತಿಗೇ ಮೇಷ್ಟ್ರ ಕೈ ಮೇಲಕ್ಕೆ ಹೋಗಿ ಬಾಯಿಯ ಮೇಲೆ ಕೂತಿತು. ನಾನು ಮುಗಿಸುವವರೆಗೂ ತೆಗೆಯಲಿಲ್ಲ. ಮುಗಿಸಿದ ಮೇಲೂ ತೆಗೆಯಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು.

ಆಮೇಲೆ ನಾನು ಮುಂದಿಟ್ಟ ಅರ್ಜಿಯನ್ನು ಬಿಡಿಸಿ ಓದಿದರು. "ಚೆನ್ನಾಗ್ ಬರ್ದವಳೆ" ಎಂದರು. ಇನ್ನೊಮ್ಮೆ ಓದಿದರು.

"ನಾನು ಏನಂದ್ಕಂಡೆ ಗೊತ್ತಾ? ಮಾತು ಕಲಿಸಿದ್ರೂ ಕೇಳೋರು ಯಾರೂ ಇಲ್ಲ, ಮಾರ್ಕ್ಸಾದ್ರೂ ಬರ್ಲಿ ಅಂದ್ಕಂಡೆ. ಒಂಬತ್ತು ವರ್ಸ ನೋಟ್ಸ್ ಬರ್ಸಿದೆ. ಎಷ್ಟು ಮಕ್ಕಳು." ದನಿ ಏರಲಿಲ್ಲ. ಆ ದಿನ ಅವರು ನನ್ನನ್ನು ಒಮ್ಮೆಯೂ ಸಾರ್ ಎನ್ನಲಿಲ್ಲ.

ಕ್ಷಮಿಸಿ ಎಂದೆ.

"ನನ್ನ ಕೇಳ್ಬೇಡಿ. ಅವಳಿಗೆ ಬರೀರಿ. ಕವರಿಂಗ್ ಲೆಟರ್ ಬ್ಯಾಡ, ನಿಮ್ ಬಾಯಲ್ಲಿ ಬರೋ ಹಂಗೆ ಬರೀರಿ. ಬರೀ ತಪ್ಪಾಯ್ತು ಅಂತ ಬರ್ದು ಕೈ ತೊಳ್ಕಬೇಡಿ. ಅವಳು ಉತ್ತರ ಬರೆಯೋ ಹಂಗೆ ಏನಾರಾ ಕೇಳಿ. ಉತ್ತರ ಬಂದ್ರೆ ನಂಗೆ ತೋರ್ಸಿ."

ಅವರು ಕೊಟ್ಟ ಕಡೆಯ ಟಾಸ್ಕು ಅದು.

ವಿಳಾಸಕ್ಕಾಗಿ ಹಟ್ಟಿಗೆ ಹೊರಟೆ. ಕ್ರಾಸಿಗೆ ಟಿಕೆಟು ಕೇಳಿದರೆ ಕಂಡಕ್ಟರು ಏನೂ ಅನ್ನದೆ ಕೊಟ್ಟ. ಬಸ್ಸು ನಿಂತಿತು. ಸೋಲಾರ್ ಕಂಪನಿಯ ಕೆಲಸಕ್ಕೆ ಹೋಗುವವರು ನನ್ನ ಜೊತೆ ಇಳಿದರು. "ಇಲ್ಲಿ ಯಾವಾಗಿಂದ ನಿಲ್ಲುತ್ತಪ್ಪ?" ಎಂದೆ.

"ಆ ಕಂಪನಿಯೋರು ಒಂದ್ ಅರ್ಜಿ ಕೊಟ್ರು ಸಾರ್. ವಾರದಲ್ಲೇ ಆರ್ಡರ್ ಆಯ್ತು. ಅದುಕ್ ಮುಂಚೆ ಯಾರೂ ಕೇಳೇ ಇರ್ಲಿಲ್ಲ."

ಅಲಿವೇಲುವಿನ ತಾಯಿ ನನ್ನನ್ನು ಗುರುತು ಹಿಡಿಯಲಿಲ್ಲ. ಮಗಳನ್ನು ಬರಗೂರಿನ ಕಡೆಗೆ ಕೊಟ್ಟಿದೆ, ಹತ್ತು ವರ್ಷದ ಮೊಮ್ಮಗಳಿದ್ದಾಳೆ ಎಂದಳು. ಫೋನ್ ನಂಬರು ಕೊಡಲು ಬಂದಳು. ಬೇಡ, ವಿಳಾಸ ಸಾಕು ಎಂದೆ. "ಕಾಗದ ಬರೀತೀರಾ? ಈಗ ಯಾರು ಸಾರ್ ಕಾಗದ ಬರೀತಾರೆ?" ಎಂದು ನಕ್ಕಳು.

ಮನೆಗೆ ಬಂದು ಬರೆಯಲು ಕೂತರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದೇ ಶುರುವಾಗುತ್ತಿತ್ತು. ಹರಿದೆ. ಮತ್ತೆ ಬರೆದೆ. ಸಕಾಲದಲ್ಲಿ ಕಳುಹಿಸಲು ಸಾಧ್ಯವಾಗದ ಕಾರಣ ಎಂದು ಬಂತು. ಅಜ್ಜಿಯ ಮಾತಿನಲ್ಲಿ ಬೆಳೆದ ನಾನು ಒಂದು ಹುಡುಗಿಗೆ, ನಿನ್ನ ಕಾಗದ ನಾನು ಕಳಿಸಲಿಲ್ಲ ಕಣಮ್ಮ ಎಂದು ಬರೆಯಲಾರದೆ ವಾರಗಟ್ಟಲೆ ಕೂತೆ. ಹಾಗೆ ಕೂತಿರುವಾಗಲೇ ಮೇಷ್ಟ್ರು ಹೋದ ಸುದ್ದಿ ಬಂತು.

ಅವರ ಮನೆಯವರು ನನ್ನನ್ನು ಕಂಡೊಡನೆ ಕೇಳಿದ್ದು, "ಅದೇನೋ ಉತ್ತರ ಬರ್ಬೇಕಿತ್ತಂತಲ್ಲ, ಬಂತಾ? ದಿನಾ ಹನ್ನೊಂದು ಗಂಟೆಗೆ ಕೇಳೋರು, ನೀವು ಬಂದಿದ್ರಾ ಅಂತ."

ನಾನು ಇನ್ನೂ ಬರೆದೇ ಇಲ್ಲ ಎಂದು ಹೇಳಲಾಗಲಿಲ್ಲ. ಇಲ್ಲಮ್ಮ, ಬಂದಿಲ್ಲ ಎಂದೆ. ಈ ಮಾತು ನನಗೆ ಹೊಸದೇನಲ್ಲ.

ಅವರ ಹನ್ನೊಂದನೆಯ ದಿನ ಕಳೆದ ಮೇಲೆ ಒಂದೇ ಏಟಿಗೆ ಬರೆದೆ. ಆದದ್ದನ್ನು ಆದ ಹಾಗೆ ಬರೆದೆ. ನೀವು ಬರೆದುದರಲ್ಲಿ ತಪ್ಪಿರಲಿಲ್ಲ ಎಂದು ಬರೆದೆ. ಅವಳ ಎರಡು ಪತ್ರಗಳನ್ನೂ ಒಳಗಿಟ್ಟೆ. ಕೊನೆಯಲ್ಲಿ, ಮೇಷ್ಟ್ರು ಹೇಳಿದಂತೆ, ಒಂದು ಪ್ರಶ್ನೆ: "ನಿನ್ನ ಮಗಳು ಯಾವ ಶಾಲೆಗೆ ಹೋಗುತ್ತಾಳಮ್ಮ? ಅಲ್ಲಿ ಬಸ್ಸು ನಿಲ್ಲುತ್ತಾ?" ನನ್ನ ಕೈಯಾರೆ ಡಬ್ಬಿಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳುವವರೆಗೂ ನಿಂತಿದ್ದೆ.

ನಾಲ್ಕು ವಾರವಾಯಿತು. ನಮ್ಮ ಬೀದಿಗೆ ಟಪಾಲು ತರುವವಳು ಈಚೆಗೆ ಸೇರಿದ ಹೆಣ್ಣುಮಗಳು, ಸ್ಕೂಟಿಯಲ್ಲಿ ಬರುತ್ತಾಳೆ. ಇಲ್ಲಿಯೂ ಹನ್ನೊಂದು ಗಂಟೆಯೇ. ಮೊದಮೊದಲು ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಈಗ ಕಿಟಕಿಯಿಂದಲೇ ಕೇಳುತ್ತೇನೆ.

"ಟಪಾಲು ಬಂತೇನಮ್ಮಾ?"

ಅವಳು ಗಾಡಿ ನಿಲ್ಲಿಸುವುದಿಲ್ಲ. ತಲೆ ಆಡಿಸಿಕೊಂಡು ಮುಂದಕ್ಕೆ ಹೋಗುತ್ತಾಳೆ.